ಮಡಗಾಸ್ಕರ್ ಬಗ್ಗೆ ಮಕ್ಕಳಿಗೆ ಹೇಳೋದು ಎಲ್ಲಿಂದ ಶುರು ಮಾಡಲಿ?

ಹಾವೇರಿ_ಟೀಚರ್
ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮುಂದಿನ ತಿಂಗಳು ನಮ್ಮಲ್ಲಿ ವಸ್ತುಪ್ರದರ್ಶನ ಇದೆ. ಒಂದೊಂದು ತರಗತಿಗೆ ಒಂದೊಂದು ದೇಶ. ಚೀಟಿ ಎತ್ತಿದಾಗ ನಮ್ಮ ಒಂಬತ್ತನೇ ತರಗತಿಗೆ ಮಡಗಾಸ್ಕರ್ ಬಂತು.

ನಕಾಶೆ ಹಾಕಿ, "ಆಫ್ರಿಕಾದ ಪಕ್ಕದ ದ್ವೀಪ, ಜಗತ್ತಿನಲ್ಲಿ ನಾಲ್ಕನೇ ದೊಡ್ಡದು, ರಾಜಧಾನಿ ಅಂಟಾನಾನರಿವೊ" ಅಂತ ಶುರು ಮಾಡಿದೆ. ಮರುದಿನ ಒಬ್ಬ ಹುಡುಗ ಒಂದು ಫೋಟೊ ತಂದ. ಕೆಸರುಗದ್ದೆಯಲ್ಲಿ ಹೆಂಗಸರು ಬಗ್ಗಿ ಭತ್ತದ ಸಸಿ ನೆಡುತ್ತಿದ್ದಾರೆ. ಬದುವಿನ ಮೇಲೆ ಡುಬ್ಬದ ಎತ್ತು ನಿಂತಿದೆ. "ಮೇಡಂ, ಇದು ಆಫ್ರಿಕಾ ತರ ಇಲ್ಲ. ನಮ್ಮ ಹಾನಗಲ್ ಕಡೆ ಗದ್ದೆ ಇದ್ದ ಹಾಗೆ ಇದೆ" ಅಂದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ನೆಟ್‌ನಲ್ಲಿ ಹುಡುಕಿದರೆ ವಿಚಿತ್ರ ಪ್ರಾಣಿ, ವಿಚಿತ್ರ ಮರ, ವಿಚಿತ್ರ ಆಚಾರ ಅಷ್ಟೇ ಸಿಗುತ್ತೆ. ಒಂದು ದೇಶವನ್ನು ಮೃಗಾಲಯದ ಹಾಗೆ ತೋರಿಸೋಕೆ ನನಗೆ ಮನಸ್ಸಿಲ್ಲ. ಮಕ್ಕಳಿಗೆ ಹತ್ತಿರ ಆಗುವ ಹಾಗೆ ಎಲ್ಲಿಂದ ಶುರು ಮಾಡಬಹುದು? ಗೊತ್ತಿರುವವರು ದಯವಿಟ್ಟು ಬರೆಯಿರಿ.

ನಕಾಶೆ_ಹುಚ್ಚ
ಮೊದಲು ಅಳತೆ ಕೊಡಿ ಮೇಡಂ. ನಕಾಶೆಯಲ್ಲಿ ಆಫ್ರಿಕಾ ಪಕ್ಕ ಇರೋದರಿಂದ ಪುಟ್ಟದಾಗಿ ಕಾಣುತ್ತೆ, ಆದರೆ ಸುಮಾರು 5,87,000 ಚದರ ಕಿಲೋಮೀಟರ್. ಅಂದರೆ ಮೂರು ಕರ್ನಾಟಕ. ಜನ ಸುಮಾರು 3 ಕೋಟಿ, ನಮ್ಮ ಅರ್ಧ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,600 ಕಿಲೋಮೀಟರ್ ಉದ್ದ.

ನಮ್ಮ ಘಟ್ಟ ಗೊತ್ತಿರುವ ಮಕ್ಕಳಿಗೆ ಅಲ್ಲಿನ ಮಳೆ ಬೇಗ ಅರ್ಥ ಆಗುತ್ತೆ. ಒಂದೇ ವ್ಯತ್ಯಾಸ, ದಿಕ್ಕು ಉಲ್ಟಾ. ನಮ್ಮ ಘಟ್ಟ ಪಶ್ಚಿಮಕ್ಕೆ, ಅವರದ್ದು ಪೂರ್ವಕ್ಕೆ. ಸಮುದ್ರದ ಗಾಳಿ ಪೂರ್ವದ ಕಡಿದಾದ ಬೆಟ್ಟಕ್ಕೆ ಬಡಿದು ಮಳೆ ಸುರಿಸುತ್ತೆ, ಅಲ್ಲಿ ದಟ್ಟ ಕಾಡು. ನಡುವೆ ಎತ್ತರದ ಪ್ರಸ್ಥಭೂಮಿ, ಅಲ್ಲೇ ಭತ್ತದ ಗದ್ದೆ, ಅಲ್ಲೇ ರಾಜಧಾನಿ. ಆಮೇಲೆ ಪಶ್ಚಿಮಕ್ಕೆ ಇಳಿದರೆ ಒಣ ಕಾಡು. ದಕ್ಷಿಣದ ತುದಿಯಲ್ಲಿ ಮುಳ್ಳಿನ ಕಾಡು, ಮಳೆ ತೀರಾ ಕಡಿಮೆ. ಅತಿ ಎತ್ತರದ ಶಿಖರ ಮರೊಮೊಕೊಟ್ರೊ, 2,876 ಮೀಟರ್.

ಮಲ್ಪೆಯವ
ಟೀಚರ್, ನೀವು ಮಲ್ಪೆಗೆ ಬನ್ನಿ. ಮಡಗಾಸ್ಕರ್ ಪಾಠ ಶುರು ಆಗೋದೇ ನಮ್ಮ ಸೇಂಟ್ ಮೇರೀಸ್ ದ್ವೀಪದಲ್ಲಿ. ನಾವು ತೋನ್ಸೆಪಾರ್ ಅಂತೇವೆ. ಅಲ್ಲಿ ಆರು ಮೂಲೆಯ ಕಂಬದ ಹಾಗೆ ಕಲ್ಲುಗಳು ಸಾಲಾಗಿ ನಿಂತಿವೆ. ಪ್ರವಾಸಿಗರು ಅದರ ಮೇಲೆ ಕೂತು ಫೋಟೊ ತೆಗೆಸಿಕೊಂಡು ಹೋಗ್ತಾರೆ, ಅಷ್ಟೆ. ಆ ಕಲ್ಲು ಹುಟ್ಟಿದ್ದು ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋದಾಗ. ಬಸಾಲ್ಟ್ ಕಲ್ಲು.

ಕಲ್ಲು_ಮಣ್ಣು
@ಮಲ್ಪೆಯವ ವಿಷಯ ಸರಿ, ಒಂದು ತಿದ್ದುಪಡಿ. ಎಲ್ಲರೂ ಬಸಾಲ್ಟ್ ಅಂತಾರೆ, ಆದರೆ ಅದು ರಯೋಲೈಟ್ ಜಾತಿಯ ಲಾವಾ. ವಯಸ್ಸು ಸುಮಾರು 8.8 ಕೋಟಿ ವರ್ಷ. ಡೆಕ್ಕನ್ ಟ್ರ್ಯಾಪ್, ಅಂದರೆ ದಖ್ಖನ್ನಿನ ಲಾವಾ ಪದರಕ್ಕಿಂತ ಎರಡು ಕೋಟಿ ವರ್ಷ ಹಳೆಯದು. ಹಾಗಾಗಿ ಅದನ್ನು ಬೆಳಗಾವಿ ಕಡೆಯ ಕರಿಕಲ್ಲಿನ ಜೊತೆ ಸೇರಿಸಬೇಡಿ.

ಕಥೆ ಹೀಗೆ. ಆಫ್ರಿಕಾ, ಭಾರತ, ಮಡಗಾಸ್ಕರ್, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಒಟ್ಟಿಗೆ ಗೊಂಡ್ವಾನಾ ಅನ್ನುವ ಒಂದೇ ಮಹಾಖಂಡ ಆಗಿದ್ದವು. ಮೊದಲು ಆಫ್ರಿಕಾದಿಂದ ಬಿಡಿಸಿಕೊಂಡಾಗ ಭಾರತ ಮತ್ತು ಮಡಗಾಸ್ಕರ್ ಜೋಡಿಯಾಗೇ ಇದ್ದವು. ಸುಮಾರು 8.8 ಕೋಟಿ ವರ್ಷದ ಹಿಂದೆ ಅವೆರಡೂ ಸೀಳಿದವು. ಸೀಳುವಾಗ ಕೆಳಗಿನಿಂದ ಉಕ್ಕಿದ ಲಾವಾ ಅಲ್ಲೂ ಇದೆ, ಮಲ್ಪೆಯಲ್ಲೂ ಇದೆ. ಭಾರತ ಉತ್ತರಕ್ಕೆ ಓಡಿ ಏಷ್ಯಾಕ್ಕೆ ಗುದ್ದಿತು, ಮಡಗಾಸ್ಕರ್ ಅಲ್ಲೇ ಉಳಿಯಿತು.

ಇನ್ನೂ ಒಂದು. ಈಶಾನ್ಯ ಮಡಗಾಸ್ಕರ್‌ನ ಅಂಟೊಂಗಿಲ್ ಕೊಲ್ಲಿಯ ಸುತ್ತಿನ ಹಳೆಯ ಬಂಡೆಗೂ ನಮ್ಮ ಧಾರವಾಡ ಶಿಲಾಸ್ತರಕ್ಕೂ ಹೋಲಿಕೆ ಇದೆ. ಅಂಟೊಂಗಿಲ್ ಅಂದರೆ ಧಾರವಾಡದ ಕಳಚಿದ ಚೂರು ಅಂತ ವಾದಿಸುವ ಭೂವಿಜ್ಞಾನಿಗಳಿದ್ದಾರೆ. ಹಾವೇರಿಯ ಮಕ್ಕಳು ಕಾಲಿಟ್ಟಿರೋದು ಅದೇ ಧಾರವಾಡದ ಬಂಡೆ ಮೇಲೆ. ಇದಕ್ಕಿಂತ ಹತ್ತಿರದ ಶುರು ಬೇಕಾ?

ಪುಟ್ಟಿ_92
ಅಯ್ಯೋ, ಇಷ್ಟು ಸಲ ಆ ದ್ವೀಪಕ್ಕೆ ಹೋಗಿದ್ದೇನೆ, ಇದು ಗೊತ್ತೇ ಇರಲಿಲ್ಲ!

ಮಲ್ಪೆಯವ
ರಯೋಲೈಟ್ ತಿದ್ದಿದ್ದಕ್ಕೆ ಥ್ಯಾಂಕ್ಸ್ ಸರ್. ಮಡಗಾಸ್ಕರ್‌ನ ಪೂರ್ವ ಕರಾವಳಿಯಲ್ಲೂ ಒಂದು ಸೇಂಟ್ ಮೇರಿ ದ್ವೀಪ ಇದೆ. ಅಲ್ಲಿಯವರು ನೊಸಿ ಬೊರಾಹ ಅಂತಾರೆ. ಹಿಂದೆ ಕಡಲ್ಗಳ್ಳರ ಅಡ್ಡೆ ಆಗಿತ್ತು. ಈಗ ಜುಲೈನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ತಿಮಿಂಗಿಲಗಳು ಮರಿ ಹಾಕೋಕೆ ಬರ್ತಾವೆ.

ಪ್ರಶ್ನೆಪುಟ್ಟ
ಜೊತೆಗೇ ಇದ್ದರೆ ಅಲ್ಲಿಯ ಲೀಮರ್ (ಕೋತಿ ತರದ ಪ್ರಾಣಿ) ನಮ್ಮಲ್ಲಿ ಯಾಕಿಲ್ಲ? ಹುಲಿ ಆನೆ ಅಲ್ಲಿ ಯಾಕಿಲ್ಲ?

ಕಾಡುಪಾಪ
@ಪ್ರಶ್ನೆಪುಟ್ಟ ಒಳ್ಳೆ ಪ್ರಶ್ನೆ. ದ್ವೀಪ ಬೇರೆಯಾದಾಗ ಲೀಮರ್ ಅನ್ನುವ ಪ್ರಾಣಿಯೇ ಹುಟ್ಟಿರಲಿಲ್ಲ. ಅದರ ಪೂರ್ವಜರು ಆಮೇಲೆ ಆಫ್ರಿಕಾದಿಂದ ಬಂದರು. ನೆರೆಯಲ್ಲಿ ಕಿತ್ತುಹೋದ ಮರ, ಬಳ್ಳಿಗಳ ರಾಶಿ ಮೇಲೆ ತೇಲಿ ಬಂದಿರಬೇಕು ಅಂತ ವಿಜ್ಞಾನಿಗಳ ಲೆಕ್ಕ. ನಡುವಿನ ಮೊಜಾಂಬಿಕ್ ಕಡಲ್ಗಾಲುವೆ ಕಿರಿದಾದಲ್ಲೂ 400 ಕಿಲೋಮೀಟರ್ ಇದೆ. ಪುಟ್ಟ ಪ್ರಾಣಿ ಬದುಕಿ ದಡ ಸೇರಬಹುದು, ಆನೆ ಸಿಂಹಕ್ಕೆ ಆಗಲ್ಲ. ಬಂದ ಆ ಕೆಲವೇ ಪ್ರಾಣಿಗಳಿಂದ ಇವತ್ತು ನೂರಕ್ಕೂ ಹೆಚ್ಚು ಜಾತಿಯ ಲೀಮರ್ ಆಗಿವೆ. ಅಂಗೈಯಲ್ಲಿ ಹಿಡಿಸುವ ಇಲಿಗಾತ್ರದ್ದೂ ಇದೆ, ಬೆಳಿಗ್ಗೆ ಕಾಡೆಲ್ಲ ಕೇಳುವ ಹಾಗೆ ಹಾಡುವ 'ಇಂದ್ರಿ' ಅನ್ನುವ ಲೀಮರ್ ಕೂಡ ಇದೆ.

ನಮ್ಮಲ್ಲಿ ಲೀಮರ್ ಇಲ್ಲ ಸರಿ, ಆದರೆ ಅದರ ದಾಯಾದಿ ಇದೆ. ನಮ್ಮ ಕಾಡುಪಾಪ! ಒದ್ದೆ ಮೂಗು, ದೊಡ್ಡ ಕಣ್ಣು, ರಾತ್ರಿ ಸಂಚಾರ. ತುಮಕೂರಿನ ನಾಗವಲ್ಲಿ ಸುತ್ತ ಇದೆ. ಮಕ್ಕಳ ಫಲಕದಲ್ಲಿ ಲೀಮರ್ ಪಕ್ಕ ಕಾಡುಪಾಪದ ಚಿತ್ರ ಹಾಕಿ ಅಕ್ಕ, ತುಂಬಾ ಚೆನ್ನಾಗಿರುತ್ತೆ.

ಕಪ್ಪೆಗಳೂ ನೆಂಟರೇ. ಮಳೆಗಾಲದಲ್ಲಿ ಘಟ್ಟದಲ್ಲಿ ನೊರೆಗೂಡು ಕಟ್ಟುವ ಮರಗಪ್ಪೆಗಳಿಗೂ ಮಡಗಾಸ್ಕರ್‌ನ ಬಣ್ಣಬಣ್ಣದ ಮಾಂಟೆಲ್ಲಾ ಕಪ್ಪೆಗಳಿಗೂ ಹತ್ತಿರದ ಸಂಬಂಧ. ಕೇರಳದವರ ಕರಿಮೀನಿಗೂ ಅಲ್ಲಿಯ ಸಿಹಿನೀರಲ್ಲಿ ನೆಂಟರಿದ್ದಾರೆ.

ಸವಣೂರ_ಹುಡುಗ
ಟೀಚರ್, ನೀವು ಹಾವೇರಿಯವರು ಆಗಿ ನಮ್ಮ ಸವಣೂರನ್ನೇ ಮರೆತಿರಾ? ಕಲ್ಮಠದ ದೊಡ್ಡಹುಣಸೆ ಮರ! ಅದೇ ಬಾವೊಬಾಬ್. ಮಡಗಾಸ್ಕರ್‌ನಿಂದ ಬಂದ ಮರ. ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ.

ಗಿಡ_ಗಂಟಿ
@ಸವಣೂರ_ಹುಡುಗ ಅಣ್ಣ, ಕರೆದುಕೊಂಡು ಹೋಗೋದು ಸರಿ, ಆದರೆ ಮಡಗಾಸ್ಕರ್‌ನದು ಅಂತ ಹೇಳಿಬಿಟ್ಟರೆ ತಪ್ಪಾಗುತ್ತೆ. ಸವಣೂರಿನದು ಆಫ್ರಿಕಾದ ಜಾತಿ. ಬಾವೊಬಾಬ್‌ನಲ್ಲಿ ಒಟ್ಟು ಎಂಟು ಜಾತಿ. ಆಫ್ರಿಕಾದ್ದು ಒಂದು, ಆಸ್ಟ್ರೇಲಿಯಾದ್ದು ಒಂದು. ಉಳಿದ ಆರೂ ಮಡಗಾಸ್ಕರ್‌ನಲ್ಲಿ ಮಾತ್ರ. ಫೋಟೊಗಳಲ್ಲಿ ನೋಡುವ ಆ ನೇರ ಕಂಬದ ಹಾಗಿನ ಮರಗಳ ಸಾಲು ಪಶ್ಚಿಮ ಕರಾವಳಿಯ ಮೊರೊಂಡಾವ ಹತ್ತಿರದ್ದು. ಸವಣೂರಿನ ಮರಗಳು ಅದರ ದೊಡ್ಡಪ್ಪನ ಮಕ್ಕಳು.

ಸವಣೂರ_ಹುಡುಗ
ಸರಿ, ಒಪ್ಪಿದೆ. ಆದರೂ ಮೂರರಲ್ಲಿ ಒಂದು ಮರ 2023ರಲ್ಲಿ ಬಿತ್ತು. ಆ ದಿನ ಊರಿಗೆ ಊರೇ ಹೋಗಿ ನಿಂತಿತ್ತು. ಆ ಸುದ್ದಿಯನ್ನೂ ಮಕ್ಕಳು ಬರೆಯಲಿ.

ಗಿಡ_ಗಂಟಿ
ನಿಜವಾಗಿ ಮಡಗಾಸ್ಕರ್‌ನ ಮರ ಬೇಕಾ? ಬಹುಶಃ ನಿಮ್ಮ ಶಾಲೆ ಗೇಟಿನಲ್ಲೇ ಇದೆ. ಗುಲ್‌ಮೊಹರ್! ಸೀಮೆಸಂಕೇಶ್ವರ, ಕತ್ತಿಕಾಯಿ ಮರ ಅಂತೀವಲ್ಲ, ಅದೇ. ಅದರ ತವರು ಪಶ್ಚಿಮ ಮತ್ತು ಉತ್ತರ ಮಡಗಾಸ್ಕರ್‌ನ ಒಣ ಕಾಡು. ಮೊಗ್ಗು ಬಿಡಿಸಿ ಕೇಸರ ಕೊಂಡಿ ಹಾಕಿ "ಕೋಳಿ ಜಗಳ" ಆಡಿಸದ ಮಗು ಇದೆಯಾ ನಮ್ಮ ಕಡೆ? ಒಣಗಿದ ಕಾಯಿ ಹಿಡಿದು ಕತ್ತಿವರಸೆ ಆಡಿದವರೆಲ್ಲ ಮಡಗಾಸ್ಕರ್ ಕೈಯಲ್ಲಿ ಹಿಡಿದವರೇ.

ಅಂಗಳದ ನಿತ್ಯಪುಷ್ಪವೂ ಅಲ್ಲಿಯದೇ. ಕೆಲವರು ಸದಾಪುಷ್ಪ ಅಂತಾರೆ. 1950ರ ದಶಕದ ಕೊನೆ, 60ರ ದಶಕದ ಶುರುವಿನಲ್ಲಿ ಆ ಗಿಡದಿಂದ ಕ್ಯಾನ್ಸರ್ ಔಷಧಿ ಸಿಕ್ಕಿತು, ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಈಗಲೂ ವಿನ್‌ಕ್ರಿಸ್ಟಿನ್ ಕೊಡ್ತಾರೆ. ಗಿಡ ಕೊಟ್ಟ ನಾಡಿಗೆ ಆ ಲಾಭದಲ್ಲಿ ಪಾಲು ಬರಲಿಲ್ಲ, ಇದು ನನಗೆ ಯಾವಾಗಲೂ ನೋವು.

ಪುಟ್ಟಿ_92
ನನ್ನ ತಂಗಿಯ ಮಗನಿಗೆ ಆ ಇಂಜೆಕ್ಷನ್ ಕೊಟ್ಟಿದ್ದರು. ಈಗ ಏಳನೇ ಕ್ಲಾಸು, ಆರಾಮಾಗಿದ್ದಾನೆ. ನಮ್ಮ ತುಳಸಿಕಟ್ಟೆ ಪಕ್ಕದ ಗಿಡ ಅಂತ ಇವತ್ತು ಗೊತ್ತಾಯ್ತು. ಬರೆಯೋಕೆ ಇನ್ನೇನೂ ತೋಚ್ತಿಲ್ಲ.

ಟಾನಾದಲ್ಲಿದ್ದೆ
ಕೆಲಸದ ಮೇಲೆ ಎರಡು ವರ್ಷ ಅಂಟಾನಾನರಿವೊದಲ್ಲಿದ್ದೆ. ಅಲ್ಲಿ ಎಲ್ಲರೂ ಟಾನಾ ಅಂತಾರೆ. ಟೀಚರ್ ಕೇಳಿದ್ದಕ್ಕೆ, ಅಂದರೆ ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡ್ತೇನೆ. ಅವನು ನೋಡಿದ್ದು ಸರಿಯಾಗೇ ಇದೆ.

ಮಡಗಾಸ್ಕರ್‌ನವರ ಮಲಗಾಸಿ ಭಾಷೆಗೆ ಅತಿ ಹತ್ತಿರದ ಭಾಷೆ ಆಫ್ರಿಕಾದಲ್ಲಿಲ್ಲ. ಅದು ಬೋರ್ನಿಯೊ ದ್ವೀಪದ ದಕ್ಷಿಣದಲ್ಲಿ ಇದೆ, ಮಾನ್ಯಾನ್ ಅಂತ. ಸುಮಾರು ಸಾವಿರದ ಮುನ್ನೂರು ವರ್ಷದ ಹಿಂದೆ ಆ ಕಡೆಯ ಜನ ದೋಣಿಯಲ್ಲಿ ಹಿಂದೂ ಮಹಾಸಾಗರ ದಾಟಿ ಬಂದರು. ಭತ್ತ ತಂದರು. ಆಫ್ರಿಕಾದಿಂದ ಬಂದವರು ದನ ತಂದರು. ಎರಡೂ ಕಡೆಯವರು ಬೆರೆತು ಇವತ್ತಿನ ಮಲಗಾಸಿ ಜನ ಆದರು. ಮಾತಿನಲ್ಲೇ ಇದು ಕಾಣುತ್ತೆ. ದನಕ್ಕೆ ಓಂಬಿ, ಕೋಳಿಗೆ ಅಕೂಹು, ಎರಡೂ ಆಫ್ರಿಕಾದ ಬಾಂಟು ಭಾಷೆಗಳಿಂದ ಬಂದ ಪದ. ವಾರದ ಹೆಸರು ಮಾತ್ರ ಅರಬ್ಬಿಯಿಂದ: ತಲಾಟ, ಅಲರೂಬಿಯ, ಝೂಮ. ಅರಬ್ ವ್ಯಾಪಾರಿಗಳು ಬಿಟ್ಟುಹೋದ ಗುರುತು.

ಅಲ್ಲಿ ಊಟ ಅಂದರೆ ಅನ್ನ. ದಿನಕ್ಕೆ ಮೂರು ಹೊತ್ತು. ಊಟ ಮಾಡು ಅನ್ನೋದಕ್ಕೆ ಅವರ ಮಾತೇ "ಅನ್ನ ತಿನ್ನು". ಪಕ್ಕಕ್ಕೆ ಸ್ವಲ್ಪ ಸೊಪ್ಪಿನ ಸಾರು ಅಥವಾ ಮಾಂಸ. ಮೊದಲ ದಿನ ಮನೆ ಮಾಲೀಕರ ಹೆಂಡತಿ ಊಟಕ್ಕೆ ಕರೆದರು. ಅನ್ನ ಬಡಿಸಿದ ಮೇಲೆ ಪಾತ್ರೆ ತಳ ಕೆರೆಯಲಿಲ್ಲ. ತಳ ಹತ್ತಿದ ಅನ್ನದ ಮೇಲೇ ನೀರು ಹಾಕಿ ಮತ್ತೆ ಒಲೆ ಮೇಲಿಟ್ಟರು. ಕುದಿದು ತಿಳಿ ಹಳದಿ ಬಣ್ಣ ಬಂದ ಮೇಲೆ ಸೋಸಿ ಲೋಟಕ್ಕೆ ಹಾಕಿ ಕೊಟ್ಟರು. ಹುರಿದ ಅಕ್ಕಿಯ ಪರಿಮಳ. ಅದನ್ನು ರಾನುವುಲ ಅಂತಾರೆ, ಊಟದ ಜೊತೆ ನೀರಿನ ಬದಲು ಅದನ್ನೇ ಕುಡಿಯೋದು. ನನ್ನ ಅಜ್ಜಿ ತಳ ಹತ್ತಿದ ಅನ್ನಕ್ಕೆ ಮಜ್ಜಿಗೆ ಹಾಕಿ ಕೊಡುತ್ತಿದ್ದ ನೆನಪು ಬಂತು, ಗಂಟಲು ಕಟ್ಟಿತು.

ಅಡುಗೆಮನೆ_ಅಕ್ಕ
ಇದನ್ನು ಪ್ರದರ್ಶನದಲ್ಲಿ ಮಾಡಿ ಟೀಚರ್! ಖರ್ಚೇ ಇಲ್ಲ. ಅನ್ನ ಕಂದು ಬಣ್ಣ ಆಗಬೇಕು, ಕಪ್ಪಾಗಬಾರದು. ಕಪ್ಪಾದರೆ ಕಹಿ.

ಟಾನಾದಲ್ಲಿದ್ದೆ
ಸರಿಯಾಗಿ ಹೇಳಿದಿರಿ ಅಕ್ಕ.

ಬಸ್_ಪ್ರಯಾಣಿಕ
ಅಲ್ಲಿ ಜನ ತುಂಬಾ ಸೋಮಾರಿಗಳು ಅಂತ ಓದಿದ್ದೆ. ಎಲ್ಲದಕ್ಕೂ "ಮೂರ ಮೂರ", ಅಂದರೆ ನಿಧಾನ ನಿಧಾನ ಅಂತಾರಂತೆ?

ಟಾನಾದಲ್ಲಿದ್ದೆ
@ಬಸ್_ಪ್ರಯಾಣಿಕ ಆ ಮಾತು ಇದೆ, ಆದರೆ ಸೋಮಾರಿತನ ಅಲ್ಲ ಸರ್. ಬೆಳಿಗ್ಗೆ ಐದಕ್ಕೆ ತಲೆ ಮೇಲೆ ಇಟ್ಟಿಗೆ ಹೊತ್ತು ಹೋಗುವ ಹೆಂಗಸರನ್ನು ದಿನಾ ನೋಡಿದ್ದೇನೆ. ಟಾಕ್ಸಿ-ಬ್ರೂಸ್ ಅಂತ ಅವರ ವ್ಯಾನು ತುಂಬುವವರೆಗೂ ಹೊರಡಲ್ಲ. ರಸ್ತೆ ಮಳೆಗಾಲದಲ್ಲಿ ಕೊಚ್ಚಿಹೋಗುತ್ತೆ. ಅಂಥ ಕಡೆ ಗಡಿಬಿಡಿ ಮಾಡಿ ಏನು ಪ್ರಯೋಜನ? ನಾವು "ನಿಧಾನಕ್ಕೆ ಹೋಗಿ ಬನ್ನಿ" ಅಂತೀವಲ್ಲ, ಅದೇ ಪ್ರೀತಿ ಅದರಲ್ಲಿದೆ. ದಯವಿಟ್ಟು ಈ ಸೋಮಾರಿ ಮಾತು ಮಕ್ಕಳ ಫಲಕಕ್ಕೆ ಬರೋದು ಬೇಡ.

ಸಾಗರದ_ತೋಟಿಗ
ತಡವಾಗಿ ನೋಡಿದೆ. ಮಡಗಾಸ್ಕರ್ ಅಂದರೆ ನಮ್ಮ ಮಲೆನಾಡಿನವರಿಗೆ ಒಂದೇ ನೆನಪು, ವೆನಿಲಾ.

ಜಗತ್ತಿನ ವೆನಿಲಾದಲ್ಲಿ ಹೆಚ್ಚಿನ ಪಾಲು ಬರೋದು ಅದರ ಈಶಾನ್ಯ ಮೂಲೆಯಿಂದ. ಸಂಬಾವ, ಅಂಟಲಾಹ ಅಂತ ಊರುಗಳು. 2000ದ ಏಪ್ರಿಲ್‌ನಲ್ಲಿ ಹುಡಾ ಅನ್ನುವ ಚಂಡಮಾರುತ ಅಲ್ಲಿಗೆ ಬಡಿಯಿತು. ತೋಟಗಳು ನೆಲಸಮ. ಜಗತ್ತಿನಲ್ಲಿ ವೆನಿಲಾಕ್ಕೆ ಬರ ಬಂತು, ಬೆಲೆ ಏರಿತು. ಅದರ ಬಿಸಿ ಇಲ್ಲಿ ನಮ್ಮ ಅಡಿಕೆ ತೋಟಕ್ಕೆ ಮುಟ್ಟಿತು. 2003ರ ಹೊತ್ತಿಗೆ ವೆನಿಲಾದ ಹಸಿ ಕಾಯಿ (ಬೀನ್ಸ್) ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತ್ತು. ಬಳ್ಳಿಯ ತುಂಡಿಗೇ ಕೈಗೆಟುಕದ ರೇಟು. ಅಪ್ಪ ಸಾಲ ಮಾಡಿ ಗ್ಲಿರಿಸಿಡಿಯಾ ಗೂಟ ನೆಟ್ಟು ಬಳ್ಳಿ ಹಬ್ಬಿಸಿದರು.

ಹೂವು ಬೆಳಿಗ್ಗೆ ಅರಳುತ್ತೆ, ಮಧ್ಯಾಹ್ನಕ್ಕೆ ಬಾಡುತ್ತೆ. ಅದರ ತವರು ಮೆಕ್ಸಿಕೊ, ಅಲ್ಲಿಯ ಜೇನುಹುಳ ಇಲ್ಲಿಲ್ಲ, ಮಡಗಾಸ್ಕರ್‌ನಲ್ಲೂ ಇಲ್ಲ. ಅದಕ್ಕೇ ಒಂದೊಂದೇ ಹೂವಿಗೆ ಕೈಯಲ್ಲಿ ಪರಾಗಸ್ಪರ್ಶ. ಎಡಗೈಯಲ್ಲಿ ಹೂವು ಹಿಡಿದು, ಹಿಡಿಕಡ್ಡಿಯ ತುದಿಯಿಂದ ನಡುವಿನ ಪರದೆ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗ ಒತ್ತಬೇಕು. ಅಮ್ಮ ಬೆಳಗ್ಗೆ ಹತ್ತರೊಳಗೆ ನೂರಾರು ಹೂವು ಮುಗಿಸುತ್ತಿದ್ದರು. ಈ ವಿಧಾನ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್. ಮಡಗಾಸ್ಕರ್ ಪಕ್ಕದ ರೆಯೂನಿಯನ್ ದ್ವೀಪದ ಗುಲಾಮ ಹುಡುಗ. 1841ರಲ್ಲಿ ಅವನಿಗೆ ಹನ್ನೆರಡು ವರ್ಷ. ಟೀಚರ್, ನಿಮ್ಮ ಮಕ್ಕಳಿಗಿಂತ ಚಿಕ್ಕವನು! ಅವನ ಹೆಸರು ಹಾಕಲೇಬೇಕು.

ಆಮೇಲೆ ಅಲ್ಲಿ ತೋಟ ಚೇತರಿಸಿತು, ಕಂಪನಿಗಳು ಕೃತಕ ಸುವಾಸನೆಗೆ ಹೋದವು, ಬೆಲೆ ನೆಲಕಚ್ಚಿತು. ಕೆಲವೇ ವರ್ಷದಲ್ಲಿ ಕಿಲೋಗೆ ನೂರು ರೂಪಾಯಿಗೂ ಕೇಳುವವರಿಲ್ಲ. ಅಪ್ಪ ಬಳ್ಳಿ ಕಿತ್ತು ಹಾಕಿದರು. ನಮ್ಮಲ್ಲಿ ರಾತ್ರಿ ಕಳ್ಳರ ಕಾವಲಿಗೆ ನಾಯಿ ಕಟ್ಟುತ್ತಿದ್ದೆವು. ಮಡಗಾಸ್ಕರ್‌ನಲ್ಲಿ ರೈತರು ಹಸಿ ಕಾಯಿಗೆ ಸೂಜಿಮೊನೆಯಿಂದ ಚುಚ್ಚಿ ತಮ್ಮ ಗುರುತು ಹಾಕ್ತಾರೆ, ಒಣಗಿದ ಮೇಲೂ ಉಳಿಯುತ್ತೆ. ಅದನ್ನು ಓದಿದಾಗ ಇವರೂ ನಮ್ಮವರೇ ಅನ್ನಿಸಿತ್ತು.

ಹಾವೇರಿ_ಟೀಚರ್
ಎಲ್ಲರಿಗೂ ಕೈ ಮುಗಿದೆ. ತೋಟದ ಅಣ್ಣ, ನಿಮ್ಮ ಅಪ್ಪನ ಕಥೆ ಓದಿ ಮನಸ್ಸು ಭಾರ ಆಯ್ತು. ಒಂದು ಸಂಶಯ. ಅಲ್ಲಿ ಸತ್ತವರನ್ನು ಹೊರಗೆ ತೆಗೆದು ಕುಣಿಸುತ್ತಾರೆ ಅಂತ ಮಕ್ಕಳು ವೀಡಿಯೊ ನೋಡಿ ಬಂದಿದ್ದಾರೆ. ಅದನ್ನು ಹಾಕಬೇಕಾ ಬೇಡವಾ?

ಬಸ್_ಪ್ರಯಾಣಿಕ
ಬೇಡವೇ ಬೇಡ. ಮಕ್ಕಳು ಹೆದರ್ತಾರೆ.

ಟಾನಾದಲ್ಲಿದ್ದೆ
ಹಾಕಿ, ಆದರೆ ಸರಿಯಾಗಿ ಹೇಳಿ. ಅದರ ಹೆಸರು ಫಮದಿಹಾನ. ಪ್ರಸ್ಥಭೂಮಿಯ ಮೆರಿನಾ, ಬೆಟ್ಸಿಲಿಯೊ ಜನರಲ್ಲಿದೆ, ದೇಶದ ಎಲ್ಲರಲ್ಲೂ ಇಲ್ಲ. ಐದೋ ಏಳೋ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ ಕುಟುಂಬದ ಸಮಾಧಿ ತೆರೀತಾರೆ. ಹಳೆಯ ವಸ್ತ್ರದ ಮೇಲೆ ಹೊಸ ರೇಷ್ಮೆ ವಸ್ತ್ರ ಸುತ್ತುತ್ತಾರೆ. ಊರಿನ ಸುದ್ದಿ ಹೇಳ್ತಾರೆ, ಹೊಸ ಸೊಸೆಯನ್ನು, ಹುಟ್ಟಿದ ಮಗುವನ್ನು ತೋರಿಸ್ತಾರೆ. ವಾದ್ಯ, ಊಟ, ದೂರದ ನೆಂಟರೆಲ್ಲ ಸೇರ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಅವರ ತಾಯಿಗೆ ವಸ್ತ್ರ ಸುತ್ತಿದಾಗ ನಾನು ಅಲ್ಲಿದ್ದೆ. ಗಂಟು ಹಾಕುವಾಗ ಅವರು ಬಟ್ಟೆಯನ್ನು ಮಗುವಿಗೆ ಹೊದಿಸುವ ಹಾಗೆ ಅಂಚು ಸರಿ ಮಾಡಿದರು. ಹೆದರುವಂಥದ್ದು ಏನೂ ಇರಲಿಲ್ಲ.

ಅಡುಗೆಮನೆ_ಅಕ್ಕ
ನಾವು ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡ್ತೀವಿ, ಹೊಸ ಬಟ್ಟೆ ಇಡ್ತೀವಿ. ಮಕ್ಕಳಿಗೆ ಹಾಗೆ ಹೇಳಿದರೆ ತಿಳಿಯುತ್ತೆ.

ಇತಿಹಾಸದ_ಮೇಷ್ಟ್ರು
ಇತಿಹಾಸ ಯಾರೂ ಮುಟ್ಟಲಿಲ್ಲ. ಚುಟುಕಾಗಿ ಹೇಳ್ತೇನೆ. ಪ್ರಸ್ಥಭೂಮಿಯ ಮೆರಿನಾ ದೊರೆ ಅಂಡ್ರಿಯಾನಂಪೊಯಿನಿಮೆರಿನಾ 1787ರಿಂದ 1810ರವರೆಗೆ ಆಳಿದ. ಒಡೆದಿದ್ದ ಸಂಸ್ಥಾನಗಳನ್ನು ಸೇರಿಸಿದ, ಜೌಗು ಒಣಗಿಸಿ ಗದ್ದೆ ಮಾಡಿಸಿದ. "ಸಮುದ್ರವೇ ನನ್ನ ಗದ್ದೆಯ ಬದು" ಅನ್ನೋದು ಅವನ ಮಾತು ಅಂತ ಪ್ರತೀತಿ. ಅವನ ಬೆಟ್ಟ ಅಂಬೊಹಿಮಂಗ 2001ರಿಂದ ವಿಶ್ವ ಪರಂಪರೆ ತಾಣ. 1896ರಲ್ಲಿ ಫ್ರಾನ್ಸ್ ದ್ವೀಪವನ್ನು ವಸಾಹತು ಮಾಡಿಕೊಂಡಿತು. ಕೊನೆಯ ರಾಣಿ ಮೂರನೇ ರನವಲೋನಾಳನ್ನು ಮರುವರ್ಷ ಗಡಿಪಾರು ಮಾಡಿದರು. ಅವಳು 1917ರಲ್ಲಿ ಆಲ್ಜಿಯರ್ಸ್‌ನಲ್ಲಿ ತೀರಿಕೊಂಡಳು. 1947ರ ಮಾರ್ಚ್ 29ರಂದು ಜನ ದಂಗೆ ಎದ್ದರು. ನಮಗೆ ಸ್ವಾತಂತ್ರ್ಯ ಬಂದ ಅದೇ ವರ್ಷ, ಅಲ್ಲಿ ಹತ್ತಾರು ಸಾವಿರ ಜನ ಸತ್ತರು. ಸ್ವಾತಂತ್ರ್ಯ ಬಂದಿದ್ದು 1960ರ ಜೂನ್ 26ಕ್ಕೆ.

ನಕಾಶೆ_ಹುಚ್ಚ
ಆದರೆ ಈಗ ಕಾಡು ಸುಟ್ಟು ಹಾಳು ಮಾಡ್ತಿರೋದು ಅಲ್ಲಿನ ಜನರೇ ಅಲ್ವಾ? ಬೆಟ್ಟ ಸುಟ್ಟು ಭತ್ತ ಬಿತ್ತುತ್ತಾರೆ. ಮಣ್ಣು ಕೊಚ್ಚಿ ಬೆಟ್ಸಿಬೋಕ ನದಿ ಕೆಂಪಾಗಿ ಹರಿಯೋದು ಆಕಾಶದಿಂದಲೂ ಕಾಣುತ್ತೆ. ಇದನ್ನು ಮುಚ್ಚಿಟ್ಟರೆ ಹೇಗೆ?

ಗಿಡ_ಗಂಟಿ
ಮುಚ್ಚಿಡೋದು ಬೇಡ, ಪೂರ್ತಿ ಹೇಳಿ. ಅದಕ್ಕೆ ಅಲ್ಲಿ ತಾವಿ ಅಂತಾರೆ. ನಮ್ಮ ಘಟ್ಟದ ಕುಮರಿ ಬೇಸಾಯವೇ ಅದು. ನಮ್ಮಲ್ಲೂ ಬ್ರಿಟಿಷರು ಕುಮರಿ ಮಾಡುವವರನ್ನು ಕಾಡುಹಾಳುಗಾರರು ಅಂದು ನಿಷೇಧಿಸಿ, ಅದೇ ಕಾಡಿನ ತೇಗವನ್ನು ತಾವು ಕಡಿದರು. ಅಲ್ಲೂ ಫ್ರೆಂಚರು ಕಂಪನಿಗಳಿಗೆ ಕಾಡು ಕೊಟ್ಟರು, ಕಾಫಿ ಹಾಕಿಸಿದರು. 2009ರ ರಾಜಕೀಯ ಗಲಾಟೆಯ ನಂತರ ಮಸೊವಾಲ, ಮರೊಜೆಜಿ ಕಾಡುಗಳಿಂದ ರೋಸ್‌ವುಡ್ ಕಳ್ಳಸಾಗಣೆ ಆಗಿ ಹಡಗು ಹತ್ತಿತು. ಅದನ್ನು ಕೊಂಡವರು ಬಡ ರೈತರಲ್ಲ.

ಕಾಡುಪಾಪ
ನಾನು ಇಬ್ಬರ ಮಾತನ್ನೂ ಅರ್ಧ ಒಪ್ಪುತ್ತೇನೆ. ಕಾರಣ ಯಾರೇ ಇರಲಿ, ಲೀಮರ್‌ಗೆ ಉಳಿದಿರೋದು ಕಾಡಿನ ತುಂಡುಗಳು ಮಾತ್ರ. ಲೀಮರ್ ಜಾತಿಗಳಲ್ಲಿ ಬಹುಪಾಲು ಅಪಾಯದ ಪಟ್ಟಿಯಲ್ಲಿವೆ. ಆನೆಹಕ್ಕಿ ಅಂತ ಒಂದಿತ್ತು, ಅದರ ಒಂದು ಮೊಟ್ಟೆಯಲ್ಲಿ ನೂರೈವತ್ತು ಕೋಳಿಮೊಟ್ಟೆಯಷ್ಟು ಹಿಡಿಸುತ್ತಿತ್ತು. ಮನುಷ್ಯ ಬಂದ ಮೇಲೆ ಇಲ್ಲವಾಯ್ತು.

ಜನರ ನಂಬಿಕೆ ಕಾಡನ್ನು ಉಳಿಸಿದ್ದೂ ಇದೆ. ಫಾದಿ ಅಂದರೆ ಅವರ ನಿಷೇಧ, ನಮ್ಮ ದೇವರಕಾಡಿನ ಕಟ್ಟಳೆ ಇದ್ದ ಹಾಗೆ. ಇಂದ್ರಿಯನ್ನು ಪೂರ್ವಜ ಅಂತ ನಂಬಿ ಅನೇಕ ಊರುಗಳಲ್ಲಿ ಕೊಲ್ಲೋದಿಲ್ಲ. ಪಾಪ, ಅಯ್-ಅಯ್ ಅನ್ನುವ ಲೀಮರ್‌ಗೆ ಮಾತ್ರ ಅದೃಷ್ಟವಿಲ್ಲ. ಉದ್ದನೆ ತೆಳ್ಳನೆ ನಡುಬೆರಳಿನಿಂದ ಮರ ತಟ್ಟಿ ಒಳಗಿನ ಹುಳದ ಸದ್ದು ಕೇಳುವ ಪ್ರಾಣಿ ಅದು. ಅಪಶಕುನ ಅಂತ ಕೊಲ್ತಾರೆ. ನಮ್ಮಲ್ಲಿ ಕಾಡುಪಾಪವನ್ನು ಮಾಟಮಂತ್ರಕ್ಕೆ ಅಂತ ಹಿಡಿಯಲ್ವಾ, ಹಾಗೇ.

ನಕಾಶೆ_ಹುಚ್ಚ
ಸರಿ, ಕುಮರಿ ಹೋಲಿಕೆ ನನಗೆ ಹೊಳೆದಿರಲಿಲ್ಲ. ನದಿ ಚಿತ್ರ ಹಾಕಿ, ಪಕ್ಕದಲ್ಲಿ ಈ ಎರಡೂ ಮಾತು ಬರೆಯಿರಿ.

ಹಾವೇರಿ_ಟೀಚರ್
ಪ್ರದರ್ಶನ ನಿನ್ನೆ ಮುಗಿಯಿತು. ಹೇಳಿಹೋಗೋಣ ಅಂತ ಬಂದೆ.

ಮೇಜಿನ ಮೇಲೆ ಮೊದಲು ಇಟ್ಟಿದ್ದು ಗುಲ್‌ಮೊಹರ್ ಕಾಯಿ ಮತ್ತು ನಿತ್ಯಪುಷ್ಪದ ಕುಂಡ. ನಡುವೆ ಮಲ್ಪೆಯ ಕಲ್ಲಿನ ಫೋಟೊ, ಪಕ್ಕದಲ್ಲಿ ಊರಿನ ಬಂಡೆಯ ಚೂರು. ಎಡ್ಮಂಡ್‌ನ ಚಿತ್ರವನ್ನು ಒಬ್ಬಳು ಹುಡುಗಿ ಪೆನ್ಸಿಲ್‌ನಲ್ಲಿ ಬರೆದಿದ್ದಳು. ಲೀಮರ್ ಇತ್ತು, ಕಾಡುಪಾಪದ ಪಕ್ಕದಲ್ಲಿ. ಅಕ್ಷರದಾಸೋಹದ ಅಡುಗೆಯವರು ತಳ ಹತ್ತಿದ ಅನ್ನ ಉಳಿಸಿಕೊಟ್ಟರು, ಒಲೆ ಮೇಲೆ ನೀರು ಕುದಿಸಿ ಬಂದವರಿಗೆಲ್ಲ ಅರ್ಧರ್ಧ ಲೋಟ ಕೊಟ್ಟೆವು. ಎರಡು ಸಲ ಖಾಲಿಯಾಯ್ತು.

ಫೋಟೊ ತಂದಿದ್ದ ಆ ಹುಡುಗನೇ ನಕಾಶೆ ಮುಂದೆ ನಿಂತಿದ್ದ. "ಇವರು ಆಫ್ರಿಕಾದವರಾ, ಏಷ್ಯಾದವರಾ?" ಅಂತ ಯಾರೋ ಕೇಳಿದರು. "ಭತ್ತ ಅಲ್ಲಿಂದ ಬಂತು, ದನ ಇಲ್ಲಿಂದ ಬಂತು, ಇವರು ಮಲಗಾಸಿಯವರು" ಅಂತ ಬೋರ್ನಿಯೊದಿಂದ ಆಫ್ರಿಕಾವರೆಗೆ ಕೈ ಎಳೆದು ತೋರಿಸಿದ.

ಸಾಗರದ ಅಣ್ಣ ಕಳಿಸಿದ ನಾಲ್ಕು ವೆನಿಲಾ ಬೀನ್ಸ್ ತಲುಪಿತ್ತು. ಮಕ್ಕಳು ಮೂಸಿ ಮೂಸಿ ಒಂದು ಮುರಿದೇಹೋಯ್ತು. ಉಳಿದ ಮೂರನ್ನು ಹಾಳಾಗದ ಹಾಗೆ ಇಡೋದು ಹೇಗೆ?

ಸಾಗರದ_ತೋಟಿಗ
ಮುರಿದಿದ್ದನ್ನೂ ಬಿಸಾಡಬೇಡಿ ಟೀಚರ್. ಗಾಜಿನ ಡಬ್ಬಿಗೆ ಸಕ್ಕರೆ ಹಾಕಿ, ನಾಲ್ಕನ್ನೂ ಅದರಲ್ಲಿ ಹೂತಿಟ್ಟು ಮುಚ್ಚಳ ಬಿಗಿ ಮಾಡಿ. ಫ್ರಿಜ್ಜಿನಲ್ಲಿ ಬೇಡ. ಎರಡು ವಾರ ಬಿಟ್ಟು ಮುಚ್ಚಳ ತೆಗೆಯಿರಿ, ಮಕ್ಕಳು ಇರುವಾಗಲೇ.